ಸಿಟ್ಟು ರಕ್ತದಲ್ಲೇ ಇದ್ದರೆ ಎರಡು ವರ್ಷದ ಹಿಂದೆ ಎಲ್ಲಿತ್ತು?

ಅಜ್ಜ, ಅಪ್ಪ ಇಬ್ಬರೂ ಮಹಾ ಸಿಟ್ಟಿನವರು, ಎರಡು ವರ್ಷದಿಂದ ನನಗೂ ಅದೇ ಬಂದಿದೆ, ರಕ್ತದಲ್ಲಿ ಬಂದದ್ದು ಹೋಗುತ್ತಾ, ಮದುವೆ ಬೇಡ ಅಂದುಬಿಡಲಾ ಅಂತ ಕೇಳಿದ್ದೀರಿ. ಇಷ್ಟರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಮಾತು. ‘ಎರಡು ವರ್ಷದಿಂದ.’ ನಿಮಗೀಗ 29 ವರ್ಷ. ರಕ್ತ ಹುಟ್ಟಿದಾಗಿನಿಂದ ಅದೇ ಇದೆ. ಹಾಗಾದರೆ 27ರವರೆಗೆ ಆ ಸಿಟ್ಟು ಎಲ್ಲಿ ಕೂತಿತ್ತು? ನಾನು ಇದನ್ನು ನನಗೆ ಕೇಳಿಕೊಳ್ಳಲಿಲ್ಲ. ಇವತ್ತು ನನ್ನ ಅಂಗಡಿ ಬೇರೆ, ತಮ್ಮನ ಅಂಗಡಿ ಬೇರೆ.

ನಮ್ಮದು ಹಾವೇರಿ ಜಿಲ್ಲೆಯ ಬ್ಯಾಡಗಿ. ಅಪ್ಪನ ಕಾಲದಿಂದ ಮೆಣಸಿನಕಾಯಿ ದಲಾಲಿ. ಅಪ್ಪನ ಸಿಟ್ಟಿನ ಕತೆಗಳನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ತೂಕದ ಕಲ್ಲನ್ನೇ ಎತ್ತಿ ಖರೀದಿದಾರನ ಕಡೆ ಎಸೆದದ್ದು, ಊಟದ ತಾಟನ್ನು ಅಂಗಳಕ್ಕೆ ತೂರಿದ್ದು. ಪಡಸಾಲೆಯಲ್ಲಿ ಅವರ ಫೋಟೋ ಇದೆ. ಕಣ್ಣು ಅರಳಿಸಿಕೊಂಡು ನೋಡುತ್ತಾರೆ. ಬಂದವರೆಲ್ಲ ಅದನ್ನು ‘ಸಿಟ್ಟಿನ ಕಣ್ಣು’ ಅನ್ನುತ್ತಿದ್ದರು. ಅವರು 58ಕ್ಕೆ ಹೃದಯದ ತೊಂದರೆಯಿಂದ ತೀರಿಕೊಂಡರು. ಈ ಫೋಟೋದ ಮಾತಿಗೆ ಮತ್ತೆ ಬರುತ್ತೇನೆ.

ನಾನು ಚಿಕ್ಕಂದಿನಿಂದ ಮೆತ್ತಗಿನವನು. ಜಗಳ ಅಂದರೆ ಎದ್ದು ಹೋಗುತ್ತಿದ್ದೆ. 38 ತುಂಬಿದ ವರ್ಷ ಎಲ್ಲಾ ಬದಲಾಯಿತು. ರಾತ್ರಿ ಮೂರಕ್ಕೆ ಎಚ್ಚರ. ಎದೆ ಓಡಿ ಬಂದವನ ಹಾಗೆ ಬಡಿಯುತ್ತಿತ್ತು. ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಬೇಕು. ಐದು ರೊಟ್ಟಿ ತಿನ್ನುವವನು ಎಂಟು ತಿನ್ನುತ್ತಿದ್ದೆ, ಆದರೂ 74 ಕಿಲೋ ಇದ್ದವನು 63ಕ್ಕೆ ಬಂದೆ. ಕೈ ನಡುಗಿ ಸಹಿ ಕೆಟ್ಟು, ಬ್ಯಾಂಕಿನಿಂದ ಒಂದು ಚೆಕ್ ವಾಪಸ್ ಬಂತು. ಸಣ್ಣ ಮಾತಿಗೂ ಮೈ ಉರಿಯುತ್ತಿತ್ತು. ಮಗಳು ಪೆನ್ಸಿಲ್ ಬೀಳಿಸಿದರೂ ಕೂಗುತ್ತಿದ್ದೆ. ಅವ್ವ ನೋಡಿ ಹೇಳಿದಳು, “ಥೇಟ್ ಅವರಪ್ಪನ ಹಂಗ ಆಗ್ಯಾನ ನೋಡ.” ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಖುಷಿಯಾಯಿತು.

ಪ್ರತಿಯೊಂದಕ್ಕೂ ನನ್ನ ಹತ್ತಿರ ಕಾರಣ ತಯಾರಿತ್ತು. ಬೆವರು ಯಾಕೆ? ಮೆಣಸಿನಕಾಯಿ ಘಾಟು. ನಿದ್ದೆ ಯಾಕಿಲ್ಲ? ಸೀಜನ್ನಿನ ಚಿಂತೆ. ಸಿಟ್ಟು ಯಾಕೆ? ಒಂದು, ಅಪ್ಪನ ರಕ್ತ. ಎರಡು, ಖಾರ ತಿನ್ನುವ ಊರು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆಯವರಿಗೆ ಎಲ್ಲರೂ ಹೇಳುವ ಮಾತು ಇದು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದೇ ಬಣ್ಣಕ್ಕೆ, ಅದರಲ್ಲಿ ಖಾರ ಕಡಿಮೆ. ಖಾರ ತಿಂದರೆ ಬೆವರುವುದು ನಿಜ. ಬಿಸಿ ಗುರುತಿಸುವ ನರದ ತುದಿಯನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆರಳಿಸುತ್ತದೆ. ಅದನ್ನು ಕಂಡುಹಿಡಿದದ್ದಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಆದರೆ ಆ ಬೆವರು ಅರ್ಧ ಗಂಟೆಯಲ್ಲಿ ಆರುತ್ತದೆ. ರಾತ್ರಿ ಮೂರಕ್ಕೆ ಎಬ್ಬಿಸಿ ಕೂರಿಸುವುದಿಲ್ಲ.

ಆಷಾಢದಲ್ಲಿ ಹೆಂಡತಿ ಬಲವಂತವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನಾಡಿ ಹಿಡಿದರು. ಎರಡೂ ಕೈ ಮುಂದೆ ಚಾಚಿಸಿ, ಬೆರಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅಲುಗಾಡಿತು. ರಕ್ತ ಪರೀಕ್ಷೆಗೆ ಒಂದು ಚೀಟಿ ಬರೆದುಕೊಟ್ಟರು. ಟಿ3, ಟಿ4, ಟಿಎಸ್‌ಎಚ್. “ಥೈರಾಯ್ಡ್ ಇರಬಹುದು, ನಾಳೆನೇ ಮಾಡಿಸಿ” ಅಂದರು.

ಆ ಚೀಟಿಯನ್ನು ಅಂಗಡಿಗೆ ತಂದು, ಪಟ್ಟಿಗಳನ್ನು ಚುಚ್ಚಿಡುವ ತಂತಿಗೆ ಚುಚ್ಚಿದೆ. ಏಳು ತಿಂಗಳು ಅದು ಅಲ್ಲೇ ಇತ್ತು.

ನನ್ನ ತಪ್ಪು ಇದೇ. ಆಮೇಲೆ ಫೆಬ್ರವರಿಯಲ್ಲಿ ತಮ್ಮನ ಮೇಲೆ ಕೂಗಾಡಿದ್ದು ಅದರ ಬಾಲ ಅಷ್ಟೇ. ಹಾಗಾಗಿ ಈ ಚೀಟಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ದುಡ್ಡಿನ ಮಾತಲ್ಲ. ಕೆಲವು ನೂರು ರೂಪಾಯಿ. ಸಮಯವೂ ಅಲ್ಲ. ಆಷಾಢದಲ್ಲಿ ಮಾರ್ಕೆಟ್ ತಣ್ಣಗೆ ಇರುತ್ತದೆ, ಮಧ್ಯಾಹ್ನ ಮಲಗುವಷ್ಟು ಬಿಡುವು. ಮೊದಲನೇ ಕಾರಣ, ಥೈರಾಯ್ಡ್ ಅಂದರೆ ಹೆಂಗಸರ ಕಾಯಿಲೆ ಅಂತ ನನ್ನ ತಲೆಯಲ್ಲಿತ್ತು. ಅತ್ತಿಗೆಗೆ ಇತ್ತು, ಚಿಕ್ಕಮ್ಮನಿಗೆ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎಷ್ಟೋ ಪಟ್ಟು ಜಾಸ್ತಿ ಅನ್ನೋದು ಸತ್ಯವೇ. 1835ರಲ್ಲಿ ಐರ್ಲೆಂಡಿನ ರಾಬರ್ಟ್ ಗ್ರೇವ್ಸ್ ಅನ್ನೋ ಡಾಕ್ಟರು ಇದನ್ನು ಬರೆದಿಟ್ಟಾಗ ಹೇಳಿದ್ದು ಎದೆ ಬಡಿತ ಜೋರಾದ ಹೆಂಗಸರ ಬಗ್ಗೆಯೇ. ಆದರೆ ‘ಜಾಸ್ತಿ’ ಅಂದರೆ ‘ಬರೀ’ ಅಂತ ಅಲ್ಲವಲ್ಲ.

ಎರಡನೇ ಕಾರಣ ಹೇಳಲು ನಾಚಿಕೆಯಾಗುತ್ತದೆ. ನನಗೆ ಆ ಸಿಟ್ಟು ಬೇಕಾಗಿತ್ತು. ಮೆತ್ತಗಿನವನು ಅಂತ ಅನ್ನಿಸಿಕೊಂಡು ಬೆಳೆದವನು ನಾನು. ಈಗ ಹಮಾಲರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಖರೀದಿದಾರರು ಎರಡನೇ ಮಾತು ಆಡುತ್ತಿರಲಿಲ್ಲ. ಅಪ್ಪನ ರಕ್ತ ಅಂದರೆ ಅದೊಂದು ಆಸ್ತಿ. ಥೈರಾಯ್ಡ್ ಅಂದರೆ ಬರೀ ಕಾಯಿಲೆ. ಆ ಪರೀಕ್ಷೆ ಮಾಡಿಸಿದರೆ ಆಸ್ತಿ ಹೋಗಿ ಕಾಯಿಲೆ ಕೈಗೆ ಬರುತ್ತಿತ್ತು. ಅದಕ್ಕೇ ಮಾಡಿಸಲಿಲ್ಲ. ನಿಮ್ಮ ಪ್ರಶ್ನೆಯಲ್ಲೂ ‘ಮಹಾ ಸಿಟ್ಟಿನವರು’ ಅಂತ ಬರೆದಿದ್ದೀರಲ್ಲ, ಆ ‘ಮಹಾ’ ಓದಿ ನನಗೆ ಹೆದರಿಕೆಯಾಯಿತು.

ಫೆಬ್ರವರಿಯ ಒಂದು ಸೋಮವಾರ. ಪೂರ್ತಿ ಸೀಜನ್ನು, ಯಾರ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬ ರೈತನ ಲೆಕ್ಕದಲ್ಲಿ 14 ಚೀಲ ಕಡಿಮೆ ಬಂತು. ಎದೆ ಬೆಳಗಿನಿಂದಲೇ ಹೊಡೆದುಕೊಳ್ಳುತ್ತಿತ್ತು. ಪುಸ್ತಕ ಹಿಡಿದ ಆ ಕ್ಷಣದಲ್ಲಿ ನನಗೆ ‘ತಿಳಿದುಹೋಯಿತು’, ತಮ್ಮ ಕದಿಯುತ್ತಿದ್ದಾನೆ. ಅನುಮಾನ ಅನ್ನಿಸಲೇ ಇಲ್ಲ. ಸೂರ್ಯ ಇದ್ದಾನೆ ಅನ್ನುವಷ್ಟು ಖಾತ್ರಿ. ರೈತರು, ಹಮಾಲರು, ಗುಮಾಸ್ತ ಎಲ್ಲರ ಮುಂದೆ ಅವನನ್ನು ಕಳ್ಳ ಅಂದೆ. ಅವನು ಮೆಲ್ಲಗೆ ಕೇಳಿದ್ದು ಇಷ್ಟೇ, “ಅಣ್ಣಾ, ನಿನ್ನ ಕೈ ಯಾಕ ಹಿಂಗ ನಡಗಾಕತ್ತಾವ?” ನಾನು ಕೆನ್ನೆಗೆ ಹೊಡೆದೆ.

ಆ 14 ಚೀಲ ಹಸಿ ಇದ್ದವು. ಒಣಗಲಿ ಅಂತ ಅವನು ಬೇರೆ ಇಟ್ಟು ಗುರುವಾರದ ಟೆಂಡರಿಗೆ ಹಾಕಿದ್ದ. ಪುಸ್ತಕದ ಮುಂದಿನ ಪುಟದಲ್ಲೇ ಬರೆದಿತ್ತು. ಪುಟ ತಿರುವಲು ನನಗೆ ಪುರುಸೊತ್ತು ಇರಲಿಲ್ಲ.

ಮಾರ್ಚಿನಲ್ಲಿ ಪಾಲು ಆಯಿತು. ಹಳೇ ಅಂಗಡಿ ಅವನಿಗೆ ಹೋಯಿತು. ವರ್ಷದ ಲೆಕ್ಕ ಮುಗಿಸಲು ಅವನು ಆ ತಂತಿ ಬಿಚ್ಚಿದಾಗ ನನ್ನ ಚೀಟಿ ಸಿಕ್ಕಿದೆ. ಕಳ್ಳ ಅನ್ನಿಸಿಕೊಂಡವನು ಅದನ್ನು ಹಿಡಿದು ನನ್ನ ಮನೆಗೆ ಬಂದ. ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿದ, “ಇದನ್ನ ಮಾಡಿಸೀಯೋ ಇಲ್ಲೋ?”

ಮರುದಿನ ಮಾಡಿಸಿದೆ. ಟಿಎಸ್‌ಎಚ್ ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರಬೇಕು. ನನ್ನದು 0.01ಕ್ಕಿಂತ ಕಡಿಮೆ. ಮಲಗಿದ್ದಾಗಲೂ ನಾಡಿ 116. ಹುಬ್ಬಳ್ಳಿಯ ತಜ್ಞರು ಗ್ರೇವ್ಸ್ ಕಾಯಿಲೆ ಅಂದರು. ಅವರು ವಿವರಿಸಿದ್ದು ನನಗೆ ಚೆನ್ನಾಗಿ ಹಿಡಿಸಿತು. ಮಿದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿ ‘ಮಾಲು ಬೇಕು’ ಅಂತ ಥೈರಾಯ್ಡಿಗೆ ಕಳಿಸುವ ಚೀಟಿಯೇ ಟಿಎಸ್‌ಎಚ್. ಮಾಲು ಜಾಸ್ತಿಯಾದರೆ ಪಿಟ್ಯೂಟರಿ ಚೀಟಿ ನಿಲ್ಲಿಸುತ್ತದೆ. ನನ್ನ ಮೈಯಲ್ಲಿ ಅದು ನಿಲ್ಲಿಸಿತ್ತು. ಆದರೆ ನನ್ನದೇ ರೋಗ ನಿರೋಧಕ ಶಕ್ತಿ ತಪ್ಪಾಗಿ ತಯಾರಿಸಿದ ಒಂದು ಪ್ರತಿಕಾಯ ಆ ಚೀಟಿಯ ವೇಷ ಹಾಕಿಕೊಂಡು ‘ಬೇಕು, ಬೇಕು’ ಅನ್ನುತ್ತಲೇ ಇತ್ತು. ಆ ಮಾಲು, ಅಂದರೆ ಥೈರಾಯ್ಡ್ ಹಾರ್ಮೋನು, ಮಿತಿ ಮೀರಿದಾಗ ಹೃದಯ, ಅಪಾಯ ಕಂಡಾಗ ಮೈಯಲ್ಲಿ ಹರಿಯುವ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುತ್ತದೆ. ಅಂದರೆ ಹುಲಿ ಎದುರು ನಿಂತವನ ಮೈ, ಆದರೆ ಹುಲಿ ಇಲ್ಲ. ಆಗ ಮನಸ್ಸು ಹುಲಿಯನ್ನು ಹುಡುಕುತ್ತದೆ. ನನಗೆ ಸಿಕ್ಕಿದ್ದು ತಮ್ಮ.

ಎರಡು ಗುಳಿಗೆ ಕೊಟ್ಟರು. ಕಾರ್ಬಿಮಜೋಲ್ ಹಾರ್ಮೋನಿನ ಉತ್ಪಾದನೆ ಕಡಿಮೆ ಮಾಡುತ್ತದೆ. ಆದರೆ ಗ್ರಂಥಿಯಲ್ಲಿ ಮೊದಲೇ ತುಂಬಿಟ್ಟ ದಾಸ್ತಾನು ಖಾಲಿಯಾಗಲು ವಾರಗಳು ಬೇಕು. ಪ್ರೊಪ್ರನಲಾಲ್ ಅಡ್ರಿನಲಿನ್ ಹೋಗಿ ಕೂರುವ ಜಾಗವನ್ನೇ ಮುಚ್ಚುತ್ತದೆ, ಅದು ಬೇಗ ಕೆಲಸ ಮಾಡುತ್ತದೆ. ನಾಲ್ಕನೇ ದಿನ ನಾಡಿ 84ಕ್ಕೆ ಇಳಿಯಿತು. ಕೈ ನಡುಕ ಕಡಿಮೆಯಾಯಿತು. ಅವತ್ತು ಸಂಜೆ ಕಟ್ಟೆಯ ಮೇಲೆ ಕೂತಿದ್ದೆ. ತಮ್ಮನ ಮೇಲೆ ಇದ್ದ ಆ ಖಾತ್ರಿಯನ್ನು ಹುಡುಕಿದರೆ ಸಿಗಲಿಲ್ಲ. ಯಾರೂ ನನಗೆ ಬುದ್ಧಿ ಹೇಳಿರಲಿಲ್ಲ. ಲೆಕ್ಕ ಮತ್ತೆ ನೋಡಿರಲಿಲ್ಲ. ಎದೆ ಬಡಿತ ಇಳಿಯಿತು, ಅದರ ಹಿಂದೆ ಅನುಮಾನವೂ ಇಳಿದು ಹೋಯಿತು. ಆ ಸಂಜೆ ನಾನು ಅತ್ತಷ್ಟು ಅಪ್ಪ ಸತ್ತಾಗಲೂ ಅತ್ತಿರಲಿಲ್ಲ.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1962ರಲ್ಲಿ ಅಮೆರಿಕದ ಶಾಕ್ಟರ್ ಮತ್ತು ಸಿಂಗರ್ ಅನ್ನೋ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ವಿಟಮಿನ್ ಅಂತ ಹೇಳಿ ಕಾಲೇಜು ಹುಡುಗರಿಗೆ ಅಡ್ರಿನಲಿನ್ ಚುಚ್ಚಿದರು. ಕೆಲವರಿಗೆ ‘ಎದೆ ಬಡಿಯುತ್ತೆ, ಕೈ ನಡುಗುತ್ತೆ’ ಅಂತ ಮೊದಲೇ ತಿಳಿಸಿದರು. ಕೆಲವರಿಗೆ ಹೇಳಲಿಲ್ಲ. ಆಮೇಲೆ ಅದೇ ಕೋಣೆಗೆ ನಟನೆ ಮಾಡುವವನೊಬ್ಬನನ್ನು ಬಿಟ್ಟರು. ಒಂದು ಕಡೆ ಅವನು ಕುಣಿದಾಡಿದ, ಇನ್ನೊಂದು ಕಡೆ ರೇಗಾಡಿದ. ಏನೂ ತಿಳಿಯದ ಹುಡುಗರು ಅವನ ಮೂಡಿಗೆ ಜಾಸ್ತಿ ಸಿಕ್ಕಿಬಿದ್ದರು. ಮೊದಲೇ ತಿಳಿದವರು ಅಷ್ಟಾಗಿ ಸಿಕ್ಕಿಬೀಳಲಿಲ್ಲ. ಆಮೇಲೆ ಇದನ್ನೇ ಮತ್ತೆ ಮಾಡಿ ನೋಡಿದವರಿಗೆ ಫಲಿತಾಂಶ ಇಷ್ಟು ಚೊಕ್ಕವಾಗಿ ಬರಲಿಲ್ಲ, ಅದನ್ನೂ ಹೇಳಬೇಕು. ಆದರೆ ಆ ಹುಡುಗರ ವಿಷಯ ಓದುವಾಗ ನನಗೆ ನನ್ನ ಅಂಗಡಿಯೇ ಕಂಡಿತು. ಆಷಾಢದ ಆ ಚೀಟಿ ಮಾಡಿಸಿದ್ದರೆ ನಾನು ‘ಮೊದಲೇ ತಿಳಿದವರ’ ಸಾಲಿನಲ್ಲಿ ಇರುತ್ತಿದ್ದೆ. ಎದೆ ಬಡಿದಾಗ ‘ಇದು ಗ್ರಂಥಿ’ ಅನ್ನುತ್ತಿದ್ದೆ, ‘ಇವನು ಕಳ್ಳ’ ಅನ್ನುತ್ತಿರಲಿಲ್ಲ.

ರಕ್ತದಲ್ಲಿ ಏನೂ ಇಲ್ಲವಾ ಅಂದರೆ, ಇದೆ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಆಕ್ರಮಣಕಾರಿ ಸ್ವಭಾವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಪಾಲು ಅನುವಂಶಿಕ ಅಂತ ಬಂದಿದೆ. ಆದರೆ ಅದು ಬಾಲ್ಯದಿಂದ ಕಾಣುವ ಸ್ವಭಾವದ ಮಾತು. ನೀವು ಹೇಳುತ್ತಿರುವುದು 27ನೇ ವಯಸ್ಸಿಗೆ ಬಂದು ಕೂತ ಬದಲಾವಣೆ. ಎರಡೂ ಒಂದೇ ಅಲ್ಲ. ಇನ್ನೊಂದು ಮಾತು, ಗ್ರೇವ್ಸ್ ಕಾಯಿಲೆಯೇ ಮನೆತನಗಳಲ್ಲಿ ಹರಿದು ಬರುತ್ತದೆ. ಅದರಲ್ಲಿ ಕೆಲವರ ಕಣ್ಣು ಮುಂದಕ್ಕೆ ಬರುತ್ತದೆ, ರೆಪ್ಪೆ ಮೇಲಕ್ಕೆ ಹೋಗುತ್ತದೆ. ಪಡಸಾಲೆಯ ಆ ಫೋಟೋ ನೋಡಿದಾಗಲೆಲ್ಲ ನನಗೆ ಒಂದೇ ಯೋಚನೆ. ಅಪ್ಪನ ನಾಡಿಯನ್ನು ಯಾರೂ ಎಣಿಸಲಿಲ್ಲ.

ಹಾಗಾಗಿ ನನ್ನ ಸಲಹೆ. ಧ್ಯಾನ, ಉಪವಾಸ, ಹರಳಿನ ಉಂಗುರ, ಸಿಟ್ಟು ತಡೆಯುವ ಕೋರ್ಸು, ಎಲ್ಲಾ ಆಮೇಲೆ. ಮೊದಲು ಒಂದು ವಾರ ಬೆಳಿಗ್ಗೆ ಹಾಸಿಗೆಯಲ್ಲೇ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ತೂಕ ಬರೆಯಿರಿ. ಎಷ್ಟು ಗಂಟೆ ನಿದ್ದೆ ಅಂತಲೂ ಬರೆಯಿರಿ. ಆ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ, ಟಿಎಸ್‌ಎಚ್ ಮಾಡಿಸಿ. ನಿಮಗೆ ಥೈರಾಯ್ಡೇ ಇದೆ ಅಂತ ನಾನು ಹೇಳುತ್ತಿಲ್ಲ. ನಿದ್ದೆಗೇಡು ಇರಬಹುದು, ಕುಡಿತ ಇರಬಹುದು, ಯಾವುದೋ ಔಷಧಿ ಇರಬಹುದು, ಖಿನ್ನತೆಯೂ ಸಿಟ್ಟಿನ ರೂಪದಲ್ಲಿ ಬರುತ್ತದೆ. ರಿಪೋರ್ಟ್ ನಾರ್ಮಲ್ ಬಂದರೆ ಅಲ್ಲಿಗೆ ಬಿಡಬೇಡಿ. ನಮ್ಮ ಕಡೆಯವರಾದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. “ನಿನ್ನ ಧಾರವಾಡಕ್ಕ ಕಳಸಬೇಕು” ಅನ್ನೋದನ್ನು ಬೈಗುಳವಾಗಿ ಕೇಳಿ ಬೆಳೆದವರು ನಾವು. ಆ ಬೈಗುಳಕ್ಕೆ ಹೆದರಿ ಎಷ್ಟು ಮನೆಗಳು ಒಡೆದಿವೆಯೋ.

ನಾನು ಹೇಳಿದ ಗುಳಿಗೆಗಳನ್ನು ನೀವಾಗಿ ತಗೋಬೇಡಿ. ಅಸ್ತಮಾ ಇದ್ದವರಿಗೆ ಪ್ರೊಪ್ರನಲಾಲ್ ಅಪಾಯ. ಕಾರ್ಬಿಮಜೋಲ್ ತಗೊಳ್ಳುವಾಗ ಜ್ವರ, ಗಂಟಲು ನೋವು ಬಂದರೆ ಗುಳಿಗೆ ನಿಲ್ಲಿಸಿ ತಕ್ಷಣ ರಕ್ತ ಪರೀಕ್ಷೆ ಮಾಡಿಸಬೇಕು, ಬಿಳಿ ರಕ್ತಕಣ ಕುಸಿಯುವ ಸಾಧ್ಯತೆ ಇದೆ. ನನಗೆ 18 ತಿಂಗಳು ಚಿಕಿತ್ಸೆ ನಡೆಯಿತು.

ಮದುವೆ ಬೇಕಾ ಬೇಡವಾ ಅನ್ನೋ ಪ್ರಶ್ನೆಯನ್ನು ನಾನು ಮುಟ್ಟುವುದೇ ಇಲ್ಲ. ಪರೀಕ್ಷೆ ಮಾಡಿಸದೆ ಆ ಪ್ರಶ್ನೆ ಕೇಳುವ ಹಕ್ಕು ನಿಮಗಿಲ್ಲ. ಹುಡುಗಿಗೆ ಹೇಳುವುದಿದ್ದರೆ ಅಜ್ಜನ ಕತೆ ಹೇಳಬೇಡಿ, ರಿಪೋರ್ಟ್ ತೋರಿಸಿ.

ಒಂದು ಮಾತು ಉಳಿಯಿತು. ಕಾಯಿಲೆ ಇತ್ತು ಅಂತ ನಾನು ತಮ್ಮನ ಮುಂದೆ ಹೇಳಲಿಲ್ಲ. ಹೊಡೆದದ್ದು ನನ್ನ ಕೈ. ಕ್ಷಮೆ ಕೇಳಿದೆ, ಎಲ್ಲರ ಮುಂದೆ, ಅದೇ ಯಾರ್ಡಿನಲ್ಲಿ. ಅವನು ಆಯಿತು ಅಂದ. ಅಂಗಡಿ ಮಾತ್ರ ಮತ್ತೆ ಒಂದಾಗಲಿಲ್ಲ. ಸೋಮವಾರ ಟೆಂಡರ್ ಮುಗಿದ ಮೇಲೆ ಒಟ್ಟಿಗೆ ಚಹಾ ಕುಡಿಯುತ್ತೇವೆ. ನಾನು ಕಪ್ಪು ಎತ್ತುವಾಗ ಅವನು ಇವತ್ತಿಗೂ ನನ್ನ ಕೈಯನ್ನೇ ನೋಡುತ್ತಾನೆ.

ನಾಳೆ ಬೆಳಿಗ್ಗೆ ಏಳುವ ಮುಂಚೆ ಎಣಿಸಿ. ಎಷ್ಟು ಬಂತು ಅಂತ ನನಗೆ ಬರೆಯಿರಿ.