ಮನೆಯಲ್ಲಿ ಸಿನಿಮಾ ನೋಡೋಕೆ ಡಿಸ್ಕ್ ತಗೋಬೇಕಾ, ಡೌನ್‌ಲೋಡ್ ಸಾಕಾ?

ಕಲಬುರಗಿಗೆ ವರ್ಗವಾಗಿ ಬಂದಿದ್ದೀರಿ, ದೊಡ್ಡ ಟಿವಿ ತಂದಿದ್ದೀರಿ. ಈಗ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಪ್ಲೇಯರ್‌ಗೆ ದುಡ್ಡು ಹಾಕೋದಾ, ಸುಮ್ನೆ ಡೌನ್‌ಲೋಡ್ ಮಾಡಿಕೊಂಡು ನೋಡೋದಾ ಎಂದು ಕೇಳಿದ್ದೀರಿ. ಒಂದು ಸಲ ನೋಡಿ ಮರೆಯುವ ಸಿನಿಮಾಕ್ಕೆ ಡೌನ್‌ಲೋಡ್ ಸಾಕು. ಮತ್ತೆ ಮತ್ತೆ ನೋಡುವಂಥದ್ದಕ್ಕೆ ಮಾತ್ರ ಡಿಸ್ಕ್. ಅಂಥವು ಎಷ್ಟಿವೆ ಎಂದು ಮೊದಲು ಬೆರಳು ಮಡಚಿ ಎಣಿಸಿ. ನಮ್ಮ ಮನೆಯಲ್ಲಿ ಏಳು.

ನಾನು ಡಿಸ್ಕಿನ ಕಾಲದವನು. ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದಾಗ ಅಪ್ಪ ಸೂಪರ್ ಮಾರ್ಕೆಟ್‌ಗೆ ಕಾಯಿಪಲ್ಯೆ ತರಲು ಹೋಗಿ ಸಿನಿಮಾ ತರುತ್ತಿದ್ದರು. ಒಂದು ವಿಸಿಡಿಯಲ್ಲಿ ಹೆಚ್ಚೆಂದರೆ 80 ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ಒಂದು ಸಿನಿಮಾಕ್ಕೆ ಎರಡು, ಕೆಲವಕ್ಕೆ ಮೂರು ಡಿಸ್ಕ್. ಮೊದಲನೆಯದು ಮುಗಿದಾಗ ಅವ್ವ ಸುಸಲಾ, ಮಿರ್ಚಿ ತರುತ್ತಿದ್ದಳು. ನಮ್ಮ ಇಂಟರ್ವಲ್ ಯಾವಾಗ ಎಂದು ಹೇಳುತ್ತಿದ್ದದ್ದು ಡೈರೆಕ್ಟರ್ ಅಲ್ಲ, ಡಿಸ್ಕು.

ಚಿತ್ರದ ಗುಣಮಟ್ಟದಲ್ಲಿ ಬ್ಲೂ-ರೇ ಮುಂದಿದೆ, ಅದರಲ್ಲಿ ವಾದವಿಲ್ಲ. ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ ಹಿಡಿದರೆ ಬ್ಲೂ-ರೇಯಲ್ಲಿ 25 ಜಿಬಿ. ಎರಡು ಪದರವಿದ್ದರೆ 50. ಡೌನ್‌ಲೋಡ್‌ನಲ್ಲಿ ಅದೇ ಸಿನಿಮಾವನ್ನು ಹಿಂಡಿ ಕಳಿಸುತ್ತಾರೆ. ಸೆಕೆಂಡಿಗೆ 5 ಮೆಗಾಬಿಟ್ ಲೆಕ್ಕದಲ್ಲಿ ಎರಡು ಗಂಟೆಯ ಸಿನಿಮಾ ಸುಮಾರು 4.5 ಜಿಬಿ ಆಗುತ್ತದೆ. ವ್ಯತ್ಯಾಸ ಕಾಣುವುದು ಕತ್ತಲ ದೃಶ್ಯ, ಮಳೆ, ಹೊಗೆ ಇಂಥ ಕಡೆ. ಸದ್ದಿನಲ್ಲಿ ಇನ್ನೂ ಜಾಸ್ತಿ. ಆದರೆ ಟಿವಿಯ ಸ್ಪೀಕರ್‌ನಲ್ಲೇ ಕೇಳುತ್ತೀರಾದರೆ ಅದಕ್ಕಾಗಿ ಬ್ಲೂ-ರೇ ತಗೋಬೇಡಿ, ದಂಡ. ಅಂದ ಹಾಗೆ ಮೊಬೈಲಿನ ದಿನಕ್ಕೆ 2 ಜಿಬಿ ಪ್ಯಾಕ್ ನಂಬಿಕೊಂಡು ಆ 4.5 ಜಿಬಿ ಇಳಿಸಲು ಹೋದರೆ ಒಂದು ಸಿನಿಮಾಕ್ಕೆ ಮೂರು ದಿನ. ಮನೆಗೆ ಫೈಬರ್ ಹಾಕಿಸಿ.

ಡೌನ್‌ಲೋಡ್‌ಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ವೈಫೈ, ಟಿವಿ, ಪ್ಲೇಯರ್ ಮೂರೂ ಒಟ್ಟಿಗೆ ಮಲಗುತ್ತವೆ. ಲ್ಯಾಪ್‌ಟಾಪಿಗೆ ಇಳಿಸಿಟ್ಟ ಸಿನಿಮಾ ಓಡುತ್ತಲೇ ಇರುತ್ತದೆ. ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ನಾವು ಎಷ್ಟೋ ನೋಡಿದ್ದೇವೆ.

ಆದರೆ ಇಳಿಸಿದ್ದು ನಿಮ್ಮದು ಎಂದುಕೊಳ್ಳಬೇಡಿ. ಚಂದಾ ಕೊಟ್ಟು ಇಳಿಸಿದ್ದಕ್ಕೆ ಅವಧಿ ಇರುತ್ತದೆ, ಚಂದಾ ನಿಂತರೆ ಅದೂ ನಿಂತಿತು. 'ಕೊಂಡದ್ದು' ಕೂಡ ಅಷ್ಟೇ. ಅಪ್ಪನಿಗೆಂದು ಒಂದು ಆ್ಯಪ್‌ನಲ್ಲಿ ಹಳೆಯ ಸಿನಿಮಾವೊಂದನ್ನು ಪೂರ್ತಿ ಬೆಲೆ ಕೊಟ್ಟು ತಗೊಂಡಿದ್ದೆ. ಎರಡು ವರ್ಷ ಆದಮೇಲೆ ಹುಡುಕಿದರೆ ಇಲ್ಲ. ರಸೀದಿ ಮಾತ್ರ ಇಮೇಲ್‌ನಲ್ಲಿದೆ. "ರೊಕ್ಕ ಕೊಟ್ಟೀದಿ, ಸಾಮಾನ ಎಲ್ಲಿ ಅದ?" ಎಂದರು ಅಪ್ಪ. ನಾವು ಕೊಳ್ಳುವುದು ನೋಡುವ ಲೈಸೆನ್ಸ್ ಅಷ್ಟೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಿಯೇ ಮಾರಬೇಕು ಎಂಬ ಕಾನೂನು 2025ರಿಂದ ಜಾರಿಯಲ್ಲಿದೆ. ನನಗೆ ಯಾರೂ ಹೇಳಿರಲಿಲ್ಲ.

ಡಿಸ್ಕ್ ತಗೊಂಡರೆ ರೀಜನ್ ನೋಡಿ, ಅಂದರೆ ಅದು ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎಂಬ ಗುರುತು. ಡಿವಿಡಿಗೆ ಭಾರತ 5ನೇ ರೀಜನ್, ಅಮೆರಿಕ 1. ಬ್ಲೂ-ರೇಗೆ ನಾವು ಸಿ, ಅವರು ಎ. ಅಲ್ಲಿಂದ ತರಿಸಿದ್ದು ಇಲ್ಲಿನ ಪ್ಲೇಯರ್‌ನಲ್ಲಿ ಓಡದೇ ಹೋಗಬಹುದು. 4ಕೆ ಡಿಸ್ಕ್‌ಗೆ, ಅಂದರೆ ಇನ್ನೂ ಸ್ಪಷ್ಟ ಚಿತ್ರದ ಹೊಸ ಬಗೆಯ ಬ್ಲೂ-ರೇಗೆ, ಈ ರಗಳೆ ಇಲ್ಲ. ಕನ್ನಡ ಸಿನಿಮಾ ಬ್ಲೂ-ರೇನಲ್ಲಿ ಸಿಗೋದೇ ಅಪರೂಪ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಿಜವಾದ ಚಿಂತೆ ಡಿಸ್ಕಿನದಲ್ಲ, ಪ್ಲೇಯರಿನದು. ನನ್ನ ಡಿಸ್ಕ್‌ಗಳು ಉಳಿದವು, ಪ್ಲೇಯರ್ ಎರಡು ಸತ್ತವು. ಒಂದಕ್ಕೆ ನಮ್ಮೂರಿನ ಧೂಳು ಲೆನ್ಸಿಗೆ ಕೂತಿತ್ತು. ಹೊಸ ಪ್ಲೇಯರ್ ಮಾಡುವವರೂ ಕಡಿಮೆಯಾಗುತ್ತಿದ್ದಾರೆ. ಮನೆಯಲ್ಲಿ ಮಕ್ಕಳಿದ್ದರೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಎಂಬ ವಿಡಿಯೋ ಗೇಮ್ ಯಂತ್ರ ತಗೊಳ್ಳಿ. ಅದು 4ಕೆ ಡಿಸ್ಕನ್ನೂ ಓಡಿಸುತ್ತದೆ, ಮನೆಯಲ್ಲಿ ಜಗಳವೂ ಕಡಿಮೆ.

ಇಡುವ ಜಾಗ ಮುಖ್ಯ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಬಿಸಿಲು ನೀವೇ ನೋಡುತ್ತೀರಿ. ಪಡುವಣ ಗೋಡೆಯ ಫರ್ಸಿ ಕಲ್ಲಿನ ಕಪಾಟು ರಾತ್ರಿ ಹತ್ತಕ್ಕೂ ಬೆಚ್ಚಗಿರುತ್ತದೆ. ಅಲ್ಲಿ ಇಡಬೇಡಿ. ಒರೆಸುವಾಗ ಸುತ್ತ ತಿರುಗಿಸಬೇಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ಬೀಳುವ ಗೀರು ಮಾಹಿತಿಯ ಸಾಲಿನ ಉದ್ದಕ್ಕೇ ಹೋಗುತ್ತದೆ, ಆಗ ಪ್ಲೇಯರ್‌ಗೆ ಓದೋದು ಕಷ್ಟ.

ಕೇಳದಿದ್ದರೂ ಒಂದು ಮಾತು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕನ್ನು ಅಚ್ಚೊತ್ತಿ ಮಾಡಿರುತ್ತಾರೆ, ಅದು ಗಟ್ಟಿ. ಫೋಟೋ ಸ್ಟುಡಿಯೋದವರು ಕೊಡುವ ಮದುವೆ ಡಿವಿಡಿ ಬಣ್ಣದ ಪದರದ ಮೇಲೆ ಲೇಸರ್‌ನಲ್ಲಿ ಸುಟ್ಟದ್ದು. ಬಿಸಿಲು, ಸೆಕೆಗೆ ಆ ಬಣ್ಣ ಕೆಡುತ್ತದೆ. ಅಂಥದ್ದು ಇದ್ದರೆ ಈ ವಾರವೇ ಹಾರ್ಡ್ ಡಿಸ್ಕಿಗೆ ಇಳಿಸಿ. ನಮ್ಮದು 2009ರದು, ಮೂರು ಡಿಸ್ಕು. ಎರಡನೆಯದು ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ ನಿಂತುಬಿಡುತ್ತಿತ್ತು. ಕೊನೆಗೆ ಆಳಂದದ ಚಿಕ್ಕಪ್ಪನ ಮನೆಯ ಕಬ್ಬಿಣದ ಟ್ರಂಕಿನಲ್ಲಿ, ಸೀರೆಗಳ ನಡುವೆ, ಇನ್ನೊಂದು ಪ್ರತಿ ಸಿಕ್ಕಿತು. ಅದು ಓಡಿತು.