ಬಾಡಿದ ಆರ್ಕಿಡ್‌ಗೆ ನೀರು ಬ್ಯಾಡ್ರಿ

ಪ್ರಶ್ನೆ: ಅಕ್ಕಾವ್ರಿಗೆ ಶರಣು. ಸಂಕ್ರಾಂತಿಗೆ ಬಂದ ಮಗಳು ಹೈದರಾಬಾದಿನಿಂದ ಫಲೆನಾಪ್ಸಿಸ್ ಆರ್ಕಿಡ್ ತಂದುಕೊಟ್ಟಳು. ಎರಡು ತಿಂಗಳು ಹೂವು ಹಾಗೇ ಇತ್ತು. ಏಪ್ರಿಲ್ ಬಿಸಿಲಿಗೆ ಎಲೆ ಬಾಡಿದಂತೆ ಕಂಡಿತು, ದಿನಾ ಒಂದು ಲೋಟ ನೀರು ಹಾಕಿದೆ. ಇನ್ನೂ ಬಾಡಿತು, ಎರಡು ಲೋಟ ಹಾಕಿದೆ. ಮೊನ್ನೆ ಹಿಡಿದು ಎತ್ತಿದರೆ ಗಿಡ ಕೈಗೆ ಬಂತು, ಬೇರೆಲ್ಲ ಕುಂಡದಲ್ಲೇ ಉಳಿಯಿತು. ಈಗ ನಾಲ್ಕು ಜೋಲುಬಿದ್ದ ಎಲೆ, ಬೆರಳುದ್ದದ ಒಂದು ಬೇರು, ಎರಡು ಮೊಗ್ಗಿರುವ ಹೂದಂಟು ಇವೆ. ಬಾಜೂಮನಿಯವರು ‘ಒಗದ್ ಬಿಡ್ರಿ, ಈ ಊರಾಗ ಅದು ಬರಂಗಿಲ್ಲ’ ಅಂತಾರೆ. ಒಗೆಯಲೋ, ಇಡಲೋ?
— ಒಬ್ಬ ಓದುಗಿ, ಕಲಬುರಗಿ

ಉತ್ತರ: ಒಗೆಯಬೇಡಿ ತಂಗಿ. ನಡುವಿನ ಸುಳಿ ಹಸಿರಾಗಿ ಗಟ್ಟಿಯಾಗಿದ್ದರೆ ಇನ್ನೂ ಜೀವ ಇದೆ ಅಂತಲೇ ಲೆಕ್ಕ. ನೀವು ಮಾಡಿದ್ದನ್ನೇ ನಾನೂ ಮಾಡಿದ್ದೆ. ಬಾಡಿದ್ದು ಕಂಡರೆ ತಂಬಿಗೆಗೆ ಕೈ ಹೋಗುವುದು ನಮ್ಮ ರೂಢಿ. ಆದರೆ ಇದು ಬಾಡಿದ್ದು ನೀರಿಲ್ಲದೆ ಅಲ್ಲ, ನೀರು ಕುಡಿಯುವ ಬೇರೇ ಕೊಳೆತದ್ದಕ್ಕೆ.

ಕಾಡಿನಲ್ಲಿ ಇದು ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ ಗಿಡ. ಮಲೆನಾಡಿನವರ ಸೀತಾಳೆ ದಂಡೆಯೂ ಇದೇ ಆರ್ಕಿಡ್ ಕುಟುಂಬದ್ದು. ಮಳೆ ಬಂದಾಗ ಬೇರಿನ ಸ್ಪಂಜಿನಂಥ ಹೊದಿಕೆ ನೀರು ಹೀರುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ. ಕುಂಡದೊಳಗೆ ಆ ಗಾಳಿ ಎಲ್ಲಿಂದ ಬರಬೇಕು? ಸತ್ತ ಬೇರುಗಳ ನಡುವೆ ಒಮ್ಮೆ ಕೈಯಾಡಿಸಿ ನೋಡಿ. ನರ್ಸರಿಯಲ್ಲಿ ತುರುಕಿದ ಮಾಸ್, ಅಂದರೆ ಪಾಚಿಯಂಥ ಸಸ್ಯದ ಉಂಡೆ ಸಿಕ್ಕೀತು. ಅದು ಮೇಲೆ ಒಣಗಿದಂತೆ ಕಾಣುತ್ತದೆ, ಹಿಂಡಿದರೆ ನೀರು ಸುರಿಯುತ್ತದೆ.

ಉಳಿದ ಬೇರನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ಗಟ್ಟಿಯಿದ್ದರೆ ಬಣ್ಣ ಕಂದು ಇದ್ದರೂ ಬಿಡಿ, ಬೆಳಕು ಕಾಣದ ಬೇರು ಹಾಗೇ ಇರುತ್ತದೆ. ಮೆತ್ತಗಾಗಿ ಸಿಪ್ಪೆ ಜಾರಿ ಒಳಗಿನ ನೂಲಷ್ಟೇ ಉಳಿದರೆ ಅದು ಸತ್ತದ್ದು, ಕತ್ತರಿಸಿ. ಕತ್ತರಿಯನ್ನು ಮೊದಲು ಗ್ಯಾಸಿನ ಉರಿಗೆ ಹಿಡಿಯಿರಿ. ಕತ್ತರಿಸಿದ ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಬಹುದು, ಗಾಯಕ್ಕೆ ಮಾತ್ರ. ಜೀವ ಇರುವ ಬೇರಿಗೆ ತಾಗಿದರೆ ಅದೂ ಒಣಗುತ್ತದೆ. ಹೂದಂಟನ್ನೂ ಬುಡಕ್ಕೆ ಕತ್ತರಿಸಿ. ಮೊಗ್ಗಿನ ಮೇಲೆ ಆಸೆ ಇರುತ್ತದೆ, ಗೊತ್ತು. ಬೇರಿಲ್ಲದ ಗಿಡಕ್ಕೆ ಆ ಎರಡು ಮೊಗ್ಗೂ ಹೊರೆ.

ಒಂದು ದಿನ ನೆರಳಲ್ಲಿ ಗಾಯ ಒಣಗಲಿ. ಆಮೇಲೆ ಚೂಡಾ ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಒಂದು ತೊಗೊಳ್ಳಿ. ತಳಕ್ಕೆ ಎರಡು ಬೆರಳಷ್ಟು ಹೊಸ ಮಾಸ್ ಹಾಕಿ. ಅದನ್ನು ನೆನೆಸಿ, ಇನ್ನು ಹನಿ ಬೀಳುವುದಿಲ್ಲ ಅನ್ನುವಷ್ಟು ಹಿಂಡಿರಬೇಕು. ಅದರ ಮೇಲೆ ಹಳೆಯ ಚಹಾ ಸೋಸುವ ಜಾಳಿಗೆ ಬೋರಲು ಹಾಕಿ ಗಿಡ ಕೂರಿಸಿ. ಬುಡಕ್ಕೆ ಮಾಸ್ ತಾಗಬಾರದು, ಅದರ ತೇವದ ಗಾಳಿ ಅಷ್ಟೇ ತಾಗಬೇಕು. ಎಲೆ ಆ ಗಾಳಿಯಲ್ಲಿ ಒಣಗದೆ ನಿಲ್ಲುತ್ತದೆ, ಬೇರು ಹೊರಡುವವರೆಗೆ ಗಿಡಕ್ಕೆ ಅಷ್ಟು ಸಾಕು. ಮುಚ್ಚಳ ಪೂರ್ತಿ ಬಿಗಿಯಬೇಡಿ, ದಿನಕ್ಕೊಮ್ಮೆ ಹತ್ತು ನಿಮಿಷ ತೆಗೆದಿಡಿ.

ಡಬ್ಬಿ ಎಲ್ಲಿಡಬೇಕು ಅನ್ನುವುದರಲ್ಲಿ ನಾನೊಂದು ಗಿಡ ಕಳೆದುಕೊಂಡಿದ್ದೇನೆ. ನಮ್ಮದು ಫರ್ಸಿ ಹಾಸಿದ ಮಾಳಿಗೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಡಬ್ಬಿ ಕಿಟಕಿಯಲ್ಲಿಟ್ಟು ಮದುವೆಗೆ ಹೋಗಿದ್ದೆ. ಬಂದು ನೋಡಿದರೆ ಎಲೆ ಬೆಂದ ಪುಂಡಿಪಲ್ಯದಂತಾಗಿತ್ತು! ಬಿಸಿಲು ತಾಗದೆ ಪತ್ರಿಕೆ ಓದುವಷ್ಟು ಬೆಳಕಿರುವ ಮೂಲೆ ಸಾಕು. 25 ಡಿಗ್ರಿ ಆಸುಪಾಸು ಇದ್ದರೆ ಒಳ್ಳೆಯದು. ಜೂನ್‌ನ ಮಿರಗದ ಮಳೆ ಈಗಷ್ಟೇ ಕೂಡಿದೆ, ಗಾಳಿಯಲ್ಲಿ ತೇವ ಬಂದಿದೆ. ಇದೇ ಗಿಡ ಏಪ್ರಿಲ್‌ನಲ್ಲಿ ಕೈಗೆ ಬಂದಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ.

ಮುಂದೆ ಕಾಯುವ ಕೆಲಸ. ಕೆಳಗಿನ ಎಲೆ ಹಳದಿಯಾದರೆ ಕೀಳಬೇಡಿ, ಗಿಡ ಅದನ್ನೇ ಉಂಡು ಬದುಕುತ್ತಿರುತ್ತದೆ. ಗೊಬ್ಬರ ಬೇಡ. ಒಂದೋ ಎರಡೋ ತಿಂಗಳಿಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಬುಡದಲ್ಲಿ ಕಡಲೆಕಾಳಿನ ಮೂತಿಯಂಥ ಹಸಿರು ಗುಬುಟು ಕಾಣುತ್ತದೆ. ಅದೇ ಬೇರು. ಅಂಥ ಎರಡು ಮೂರು ಬೇರು ಎರಡಿಂಚು ಬೆಳೆದ ಮೇಲೆ ಪಕ್ಕದಲ್ಲೂ ತೂತಿರುವ ಸಣ್ಣ ಪಾರದರ್ಶಕ ಕುಂಡಕ್ಕೆ ಹಾಕಿ. ನಾನು ಇಸ್ತ್ರಿಯವನ ಹತ್ತಿರದ ಇದ್ದಿಲ ತುಂಡಿಗೆ ತೊಗಟೆ ಬೆರೆಸುತ್ತೇನೆ. ತೆಂಗಿನ ಸಿಪ್ಪೆಯ ತುಂಡೂ ಆದೀತು, ಆದರೆ ಎರಡು ದಿನ ನೆನೆಸಿ ನೀರು ಬದಲಿಸಿ ಉಪ್ಪಿನಂಶ ತೆಗೆಯಿರಿ. ಬೋರಿನ ನೀರು ಸವಳಾಗಿದ್ದರೆ ಮಳೆನೀರು ಹಿಡಿದಿಡಿ. ಬೇರು ಬೆಳ್ಳಿಬೂದಿ ಬಣ್ಣಕ್ಕೆ ತಿರುಗಿದಾಗ ನೀರು ಹಾಕಿ, ಹಸಿರಾಗಿದ್ದಾಗ ಬೇಡ. ಹೂವಿಗೆ ಒಂದು ವರ್ಷ, ಎರಡು ವರ್ಷವೂ ಆದೀತು.

ಬಾಜೂಮನಿಯವರ ಮಾತು ಅರ್ಧ ಖರೆ. ಏಪ್ರಿಲ್, ಮೇ ಇದಕ್ಕೆ ಕಷ್ಟ. ಆದರೆ ಹೂದಂಟು ಹೊರಡಲು ರಾತ್ರಿಯ ತಂಪು ಬೇಕು, ಡಿಸೆಂಬರ್‌ನಲ್ಲಿ ನಮ್ಮೂರಲ್ಲಿ ಅದಕ್ಕೇನೂ ಕೊರತೆಯಿಲ್ಲ.

ಪ್ರಶ್ನೆ: ನಮ್ಮ ಆರ್ಕಿಡ್‌ನ ಬೇರು ಚೆನ್ನಾಗಿದೆ, ಆದರೆ ಸುಳಿ ಕಪ್ಪಾಗಿ ಎಲೆ ಹಿಡಿದರೆ ಕಿತ್ತು ಬರುತ್ತದೆ. ಇದೂ ಉಳಿಯುತ್ತದಾ?
— ಓದುಗರು, ಬೀದರ್

ಉತ್ತರ: ಇದು ಕಷ್ಟ. ಸುಳಿಯಲ್ಲಿ ನೀರು ನಿಂತಿದೆ. ಮರದ ಮೇಲೆ ಗಿಡ ಓರೆಯಾಗಿ ಜೋತಿರುತ್ತದೆ, ನೀರು ಜಾರಿಹೋಗುತ್ತದೆ. ನಾವು ನೆಟ್ಟಗೆ ಕೂರಿಸಿ ತಲೆಯ ಮೇಲೆ ಸುರಿಯುತ್ತೇವೆ. ನಿಮ್ಮದೂ ಫಲೆನಾಪ್ಸಿಸ್ ಆಗಿದ್ದರೆ ಅದಕ್ಕೆ ಇರುವುದು ಒಂದೇ ಸುಳಿ, ಅದು ಹೋದರೆ ಅಲ್ಲಿಂದ ಹೊಸ ಎಲೆ ಬರುವುದಿಲ್ಲ. ಬೇರು ಗಟ್ಟಿ ಇರುವುದರಿಂದ ಬುಡದ ಪಕ್ಕ ಮರಿ ಬಂದರೂ ಬಂದೀತು. ಕೊಳೆತ ಎಲೆ ತೆಗೆದು ಒಣಗಿಸಿ, ನೀರು ಕಡಿಮೆ ಮಾಡಿ, ದೀಪಾವಳಿವರೆಗೆ ನೋಡಿ. ಬಾರದಿದ್ದರೆ ಕುಂಡ ತೊಳೆದು ಇಟ್ಟುಕೊಳ್ಳಿ, ತೂತಿನ ಕುಂಡ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ.