ಪಿಆರ್ ಅರ್ಜಿ ಹಾಕುವ ಮುಂಚೆ, ಮಗನ ವಿಷಯ

ಶಿರಸಿಯಿಂದ ಸಿಂಗಾಪುರಕ್ಕೆ ಬಂದು ಏಳು ತಿಂಗಳಾಯಿತು ಅಂದಿರಿ. ಮಗನಿಗೆ ಒಂಬತ್ತು ವರ್ಷ. ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ತಗೊಂಡರೆ ಹುಡುಗ ಮುಂದೆ ಎರಡು ವರ್ಷ ಮಿಲಿಟರಿಗೆ ಹೋಗಬೇಕಂತೆ, ನಿಜವಾ ಅಂತ ಕೇಳಿದ್ದೀರಿ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ. ಇಲ್ಲಿಯ ಮಂತ್ರಿಗಳ ಮಕ್ಕಳೂ ಹೋಗ್ತಾರಾ? ನಮ್ಮಲ್ಲೂ ಯುದ್ಧ ಬಂದರೆ ಮೊದಲು ಅವರ ಮಕ್ಕಳನ್ನೇ ಗಡಿಗೆ ಕಳಿಸುವ ಕಾನೂನು ಬೇಕು, ಅಲ್ವಾ ಅಣ್ಣ? ಅಣ್ಣ ಅಂತ ಕರೆದಿದ್ದೀರಿ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಯಮ ಮೊದಲು ಹೇಳಿಬಿಡುತ್ತೇನೆ. ಕೆಲಸದ ಮೇಲೆ ಬಂದು ಪಿಆರ್ ಆದರೆ ನಿಮಗೆ ಎನ್‌ಎಸ್, ಅಂದರೆ ಕಡ್ಡಾಯ ರಾಷ್ಟ್ರಸೇವೆ, ಇಲ್ಲ. ನಿಮ್ಮ ಜೊತೆ ಪಿಆರ್ ಆಗುವ ಮಗನಿಗೆ ಇದೆ. ಹೆಣ್ಣುಮಕ್ಕಳಿಗೆ ಇಲ್ಲ. ಹದಿನಾರೂವರೆಗೆ ಹೆಸರು ನೋಂದಣಿ, ಹದಿನೆಂಟಾದ ಮೇಲೆ ಕರೆ. ಎರಡು ವರ್ಷ ಪೂರ್ಣಾವಧಿ ಸೇವೆ. ಸೇನೆಯೇ ಆಗಬೇಕೆಂದಿಲ್ಲ, ಪೊಲೀಸ್ ಅಥವಾ ಅಗ್ನಿಶಾಮಕದ ಕಡೆಗೂ ಹಾಕಬಹುದು. ಆಮೇಲೂ ಕೆಲವು ವರ್ಷ ಆಗಾಗ ಕರೆಯುತ್ತಾರೆ. ತಪ್ಪಿಸಿಕೊಂಡರೆ ದಂಡ, ಜೈಲು ಎರಡೂ ಇದೆ. 1967ರಿಂದ ನಡೆದು ಬಂದ ಪದ್ಧತಿ ಇದು.

ಇನ್ನು ಮಂತ್ರಿ ಮಕ್ಕಳ ವಿಷಯ. ಹೋಗ್ತಾರೆ. ಇಲ್ಲಿಯ ಮೊದಲ ಪ್ರಧಾನಿ ಲೀ ಕುವಾನ್ ಯೂ ಅವರ ಇಬ್ಬರು ಗಂಡುಮಕ್ಕಳೂ ಸೇನೆಯಲ್ಲಿ ಬ್ರಿಗೇಡಿಯರ್ ಜನರಲ್ ಆದವರು. ದೊಡ್ಡವರು 1984ರಲ್ಲಿ ಸೇನೆ ಬಿಟ್ಟು ರಾಜಕೀಯಕ್ಕೆ ಬಂದರು, ಮುಂದೆ ಪ್ರಧಾನಿಯಾದರು. ಸೇನೆಯ ವಿದ್ಯಾರ್ಥಿವೇತನದಲ್ಲೇ ಇಬ್ಬರೂ ಕೇಂಬ್ರಿಜ್‌ನಲ್ಲಿ ಓದಿದ್ದರು. ಅಂಥವರಿಗೆ ಸೇನೆ ಕಷ್ಟವೂ ಹೌದು, ಏಣಿಯೂ ಹೌದು. ನನ್ನ ನಿಮ್ಮ ಮಕ್ಕಳಿಗೆ ಅದು ಎರಡು ವರ್ಷದ ಸೇವೆ, ಅಷ್ಟೇ.

ಇಲ್ಲಿಯೂ ಎಲ್ಲ ಹಾಲು ಜೇನು ಅಂದುಕೊಳ್ಳಬೇಡಿ. ದೊಡ್ಡವರ ಮಕ್ಕಳಿಗೆ ಇಲ್ಲಿ 'ಬಿಳಿ ಕುದುರೆ' ಅಂತ ಒಂದು ಹೆಸರಿತ್ತು. ಅಂಥ ಹುಡುಗರ ಕಡತಕ್ಕೆ ಬೇರೆ ಗುರುತು ಹಾಕುತ್ತಾರೆ ಅಂತ ಜನ ವರ್ಷಗಟ್ಟಲೆ ಮಾತಾಡಿಕೊಂಡರು. ಕೊನೆಗೆ 2003ರಲ್ಲಿ ಸರ್ಕಾರವೇ ಸಂಸತ್ತಿನಲ್ಲಿ ಒಪ್ಪಿಕೊಂಡಿತು: ಗುರುತು ಇದ್ದಿದ್ದು ಹೌದು, 2000ದಲ್ಲಿ ನಿಲ್ಲಿಸಿದ್ದೇವೆ, ಅವರಿಗೆ ವಿಶೇಷ ಸವಲತ್ತು ಸಿಗದೇ ಇರಲಿ ಅಂತಲೇ ಹಾಕುತ್ತಿದ್ದೆವು. ಅಂಥ ಗುರುತು ಕೊನೆಗೆ ಯಾರ ಕೈಯಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾ?

ನಿಮ್ಮ ಎರಡನೇ ಪ್ರಶ್ನೆ ನನಗೆ ಹಳೆಯದು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆಯುವಾಗ ನಾನು ಕಾರವಾರದಲ್ಲಿ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದೆ. ದಿನಾ ಸಂಜೆ ಚಾ ಅಂಗಡಿಯಲ್ಲಿ ಪೇಪರ್ ಹಿಡಿದುಕೊಂಡು ಕೂಗುತ್ತಿದ್ದೆ. ಮಂತ್ರಿ ಮಕ್ಕಳನ್ನು ಮೊದಲು ಕಳಿಸಿ, ಆಮೇಲೆ ಗೊತ್ತಾಗ್ತದೆ! ಎಲ್ಲರೂ ತಲೆ ಆಡಿಸುತ್ತಿದ್ದರು. ಆಗ ನನಗೆ ಇಪ್ಪತ್ತು. ಭರ್ತಿಯಾಗುವ ವಯಸ್ಸು, ಮೈಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಬೆಳಗಾವಿಗೆ ರಾತ್ರಿ ಬಸ್ಸೂ ಇತ್ತು. ನಾನು ತುಂಬಿದ್ದು ಪಾಸ್‌ಪೋರ್ಟ್ ಅರ್ಜಿ.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ನಾಲ್ಕು ದಿನ ಕಾಳಗ ನಡೆಯಿತಲ್ಲ, ಆಗ ಅಣಕು ಕವಾಯತಿನ ಪಟ್ಟಿಯಲ್ಲಿ ಕಾರವಾರದ ಹೆಸರೂ ಬಂತು. ನೌಕಾನೆಲೆ ಇದೆಯಲ್ಲ, ಬರಲೇಬೇಕು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅದೇ ಮಾತು ಮತ್ತೆ ಶುರು. ಮಂತ್ರಿ ಮಕ್ಕಳು ಎಲ್ಲಿ? ಬರೆದವರಲ್ಲಿ ಅರ್ಧ ಜನ ದುಬೈನಲ್ಲಿ, ಉಳಿದವರು ಬೆಂಗಳೂರಿನಲ್ಲಿ. ನಾನು ಏನೂ ಬರೆಯಲಿಲ್ಲ. ಆಗ ನನ್ನ ಮಗ ಇಲ್ಲಿ ಕ್ಯಾಂಪಿನಲ್ಲಿದ್ದ.

ಆ ಸಿಟ್ಟು ಸುಳ್ಳು ಅಂತ ಹೇಳುತ್ತಿಲ್ಲ. ಕಾರವಾರದ ಕಡಲ ದಂಡೆಯಲ್ಲಿ ಚಾಪಲ್ ಹಡಗಿನ ಪಕ್ಕ ರಾಮ ರಾಘೋಬಾ ರಾಣೆಯವರ ಪ್ರತಿಮೆ ನೋಡಿದ್ದೀರಲ್ಲ. ಚೆಂಡಿಯಾದವರು, ಪೊಲೀಸ್ ಪೇದೆಯ ಮಗ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಟ್ಯಾಂಕುಗಳು ಹೋಗಲಿ ಅಂತ ಗುಂಡಿನ ಮಳೆಯ ನಡುವೆ ನೆಲಬಾಂಬ್ ತೆಗೆದು ದಾರಿ ಮಾಡಿಕೊಟ್ಟು, ಬದುಕಿರುವಾಗಲೇ ಪರಮವೀರ ಚಕ್ರ ಪಡೆದರು. ಸೀಬರ್ಡ್ ನೌಕಾನೆಲೆಗೆ ಜಾಗ ಬೇಕಾದಾಗ ಕಾರವಾರ, ಅಂಕೋಲಾ ಕಡೆ ಊರು ಬಿಟ್ಟವರು ಯಾರು? ಮೀನುಗಾರರು, ಗದ್ದೆ ಮಾಡುವವರು. ದೇಶಕ್ಕಾಗಿ ಅನ್ನುವ ಮಾತು ಮೊದಲು ಯಾರ ಬಾಗಿಲು ತಟ್ಟುತ್ತದೆ ಅಂತ ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತು.

ಆದರೆ ನಾಯಕರ ಮಕ್ಕಳು ಹೋದರೆ ಯುದ್ಧ ನಿಲ್ಲುತ್ತದೆ ಅಂತ ನಾನು ಚಾ ಅಂಗಡಿಯಲ್ಲಿ ನಂಬಿದ್ದೆನಲ್ಲ, ಅದು ಆಗುವ ಮಾತಲ್ಲ. ಬ್ರಿಟನ್ನಿನ ಪ್ರಧಾನಿ ಆಸ್ಕ್ವಿತ್ ಅವರ ಹಿರಿಮಗ ರೇಮಂಡ್ 1916ರ ಸೆಪ್ಟೆಂಬರ್‌ನಲ್ಲಿ ಮೊದಲ ಮಹಾಯುದ್ಧದ ಸೋಮ್ ಕಾಳಗದಲ್ಲಿ ಸತ್ತ. ಅಪ್ಪ ಇನ್ನೂ ಪ್ರಧಾನಿ. ಕಾಳಗ ಮತ್ತೆ ಎರಡು ತಿಂಗಳು ನಡೆಯಿತು. ಮಾವೋನ ಮಗ 1950ರ ನವೆಂಬರ್‌ನಲ್ಲಿ ಕೊರಿಯಾದಲ್ಲಿ ಬಾಂಬಿಗೆ ಬಲಿಯಾದ. ಆ ಯುದ್ಧ ನಿಂತಿದ್ದು 1953ರ ಜುಲೈನಲ್ಲಿ. ಮಗನನ್ನು ಕಳೆದುಕೊಂಡ ಅಪ್ಪ ಯುದ್ಧ ನಿಲ್ಲಿಸುತ್ತಾನೋ, ಇನ್ನೂ ಹಟ ಹಿಡಿಯುತ್ತಾನೋ, ಮೊದಲೇ ಹೇಳೋದು ಹೇಗೆ?

ಇನ್ನೊಂದು ತೊಡಕೂ ಇದೆ. ಅಂಥವರ ಮಗ ಶತ್ರುವಿನ ಕೈಗೆ ಸಿಕ್ಕಿದರೆ? 1965ರಲ್ಲಿ ನಮ್ಮ ಕಾರ್ಯಪ್ಪನವರ ಮಗನ ವಿಮಾನ ಉರುಳಿ ಮಗ ಪಾಕಿಸ್ತಾನದ ಸೆರೆಯಾದ. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು, ಬಿಟ್ಟುಬಿಡುತ್ತೇವೆ ಅಂತ ಹೇಳಿ ಕಳಿಸಿದರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಅವನಿಗೊಬ್ಬನಿಗೆ ಬೇರೆ ಬೇಡ ಅಂದರು ಕಾರ್ಯಪ್ಪ. ಆಗ ಅವರು ನಿವೃತ್ತರು, ಕೈಯಲ್ಲಿ ಅಧಿಕಾರ ಇರಲಿಲ್ಲ. ಅಧಿಕಾರದಲ್ಲಿರುವ ಎಲ್ಲ ಅಪ್ಪಂದಿರೂ ಹಾಗೆ ಹೇಳ್ತಾರೆ ಅಂತ ನಂಬಿ ಕಾನೂನು ಮಾಡಕ್ಕಾಗಲ್ಲ.

ಅದಕ್ಕೇ ನನಗೆ 'ಅವರ ಮಕ್ಕಳು ಮೊದಲು' ಅನ್ನುವ ಕಾನೂನು ಬೇಡ. ಇಪ್ಪತ್ತರ ಹುಡುಗ ಯುದ್ಧ ಬೇಕು ಅಂದವನಲ್ಲ, ಅಂದಿದ್ದು ಅವನ ಅಪ್ಪ. ಸೇನೆಗೆ ಸೇರೋದು ಅವರವರ ಇಷ್ಟ ಅಂತಿರುವ ನಮ್ಮ ದೇಶದಲ್ಲಿ ಅವನಿಗೂ ಅದೇ ಇಷ್ಟ ಇರಲಿ. ಕಡ್ಡಾಯ ಮಾಡಿದರೆ ಮಾತ್ರ ಎಲ್ಲರಿಗೂ ಒಂದೇ ಬಾಗಿಲು, ಹಿತ್ತಿಲ ಬಾಗಿಲು ಯಾರಿಗೂ ಬೇಡ. ಮಂತ್ರಿಗೂ ಬೇಡ, ನನಗೂ ಬೇಡ. ನನಗೂ ಅಂತ ಸೇರಿಸಲು ಇಪ್ಪತ್ತೈದು ವರ್ಷ ಹಿಡಿಯಿತು ನೋಡಿ.

ಮೊದಲ ದಿನ ಇಲ್ಲಿಯ ಸೇನೆಯ ತರಬೇತಿ ನಡೆಯುವ ಟೆಕಾಂಗ್ ದ್ವೀಪಕ್ಕೆ ಅಪ್ಪ ಅಮ್ಮನನ್ನೂ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಮಲಗುವ ಜಾಗ ತೋರಿಸುತ್ತಾರೆ, ಮಗನ ಜೊತೆ ಕೂತು ಊಟ ಮಾಡಿಸುತ್ತಾರೆ. ಆಮೇಲೆ ನಾವು ವಾಪಸ್, ಅವರು ಅಲ್ಲೇ, ತಲೆ ಬೋಳಿಸಿಕೊಳ್ಳಲು. ಬರುವಾಗ ನನ್ನ ಪಕ್ಕ ಒಬ್ಬ ಟ್ಯಾಕ್ಸಿ ಡ್ರೈವರ್, ಎದುರಿಗೆ ದುಬಾರಿ ಗಡಿಯಾರ ಕಟ್ಟಿದ ಒಬ್ಬರು. ಇಬ್ಬರೂ ಫೋನ್ ತೆಗೆದು ಆಗಷ್ಟೇ ಹೊಡೆದ ಫೋಟೋ ಮತ್ತೆ ಮತ್ತೆ ನೋಡುತ್ತಿದ್ದರು. ನನ್ನ ಹೆಂಡತಿ ನೀರು ನೋಡುತ್ತಾ ಕೂತಿದ್ದಳು. ಯುದ್ಧವೇ ಇಲ್ಲದ ದೇಶ, ಅದೂ ವಾರದ ಕೊನೆಗೆ ಮನೆಗೆ ಬಿಡುವ ಸೇನೆ. ಆದರೂ ಹೊಟ್ಟೆಯಲ್ಲಿ ಒಂದು ಥರ ಆಯಿತು. ಗಡಿಗೆ ಕಳಿಸಿದವರ ಮನೆಯಲ್ಲಿ ಹೇಗಿರುತ್ತದೆ ಅಂತ ಆಗ ಸ್ವಲ್ಪ ಅಂದಾಜಾಯಿತು.

ಈಗ ನಿಮ್ಮ ಅರ್ಜಿ. ಮಗನ ಹೆಸರು ಬಿಟ್ಟು ಪಿಆರ್‌ಗೆ ಹಾಕುವವರು ಇದ್ದಾರೆ. ಕಾನೂನಿನಲ್ಲಿ ತಪ್ಪಿಲ್ಲ, ಹುಡುಗ ಬೇರೆ ಪಾಸ್ ಮೇಲೆ ಓದಿಕೊಂಡಿರಬಹುದು. ಅವನ ಹೆಸರಲ್ಲೂ ಪಿಆರ್ ತಗೊಂಡು, ಶಾಲೆಯ ಲಾಭ ಪಡೆದು, ಹದಿನೆಂಟಾಗುವಾಗ ವಾಪಸ್ ಕೊಟ್ಟುಬಿಡೋಣ ಅನ್ನುವ ಲೆಕ್ಕ ಮಾತ್ರ ಬೇಡ. ಮುಂದೆ ಅವನಿಗೆ ಇಲ್ಲಿ ಓದಲು, ಕೆಲಸಕ್ಕೆ ಬರಲು ಅದು ಅಡ್ಡ ಬರಬಹುದು, ನಿಮ್ಮ ಪಿಆರ್ ನವೀಕರಣಕ್ಕೂ ಬಿಸಿ ತಟ್ಟಬಹುದು. ಆ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡು ಮಂತ್ರಿ ಮಕ್ಕಳ ಬಗ್ಗೆ ನನ್ನ ಹತ್ತಿರ ಕೇಳಬೇಡಿ, ನಗು ಬರುತ್ತದೆ. ಶಿರಸಿಯಲ್ಲಿರುವ ನಿಮ್ಮ ಆಯಿಗೆ ಈಗಲೇ ಹೇಳಿಬಿಡಿ. ಕರೆ ಬಂದ ಮೇಲೆ ಹೇಳಿದರೆ ಜಾಸ್ತಿ ಕಷ್ಟ.

ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ, ಹುಡುಗನನ್ನೂ ಕರೆದುಕೊಂಡು ಬನ್ನಿ. ನಮ್ಮವನು ಸಂಜೆ ಕ್ಯಾಂಪಿಗೆ ಹೊರಡುತ್ತಾನೆ, ಅಲ್ಲಿಯವರೆಗೆ ಮನೆಯಲ್ಲೇ ಇರುತ್ತಾನೆ, ಎದ್ದಿದ್ದರೆ ಮಾತಾಡುತ್ತಾನೆ. ನೀವು ಮೀನು ತಿನ್ನೋದಿಲ್ಲ ಅಂತ ಗೊತ್ತು. ನನ್ನ ಹೆಂಡತಿ ಅಪ್ಪೆಹುಳಿ ಮಾಡಲು ಕಲಿತಿದ್ದಾಳೆ. ಸರಿಯಾಗಿದೆಯಾ ಅಂತ ನೀವೇ ಹೇಳಬೇಕು.